ಸಮಯಕ್ಕೆ ಸರಿಯಾಗಿ ತಡ

ಕಾಸರಗೋಡಿನಲ್ಲಿ ವಿಮಾನ ನಿಲ್ದಾಣ ಇಲ್ಲ. ಗಲ್ಫಿಗೆ ಹೋಗುವವರಿಗೇನೂ ಕಮ್ಮಿ ಇಲ್ಲ. ಉತ್ತರಕ್ಕೆ ಹೋದರೆ ಮಂಗಳೂರು, ದಕ್ಷಿಣಕ್ಕೆ ಹೋದರೆ 2018ರಲ್ಲಿ ಶುರುವಾದ ಕಣ್ಣೂರು. ಮೊನ್ನೆ ಭಾವನನ್ನು ದುಬೈಗೆ ಕಳಿಸಲು ಯಾವುದಕ್ಕೆ ಹೋದೆವು ಅಂತ ಹೇಳುವುದಿಲ್ಲ. ಸುಮ್ನೆ ಯಾಕೆ ಜಗಳ.

ಕುಂಬಳೆಯಲ್ಲಿ ಕಾರು ಗೊತ್ತುಮಾಡುವಾಗಲೇ ಡ್ರೈವರ್ ಆರು ಗಂಟೆ ವೈಟಿಂಗ್ ಸೇರಿಸಿದ. ವಿಮಾನ 11ಕ್ಕೆ, ನಾವು ತಲುಪುವುದು 8ಕ್ಕೆ. ಮೂರು ಗಂಟೆ ಸಾಕಲ್ವಾ? "ಬೇಕಾದರೆ ಬರೆದಿಡಿ ಭಟ್ರೆ" ಅಂದ. (ವಿಮಾನ ಏಳುವವರೆಗೆ ಹೊರಗೆ ಕಾಯದಿದ್ದರೆ ಅಕ್ಕ ವರ್ಷವಿಡೀ ಹೇಳುತ್ತಾಳೆ.)

9.30ಕ್ಕೆ ಒಳಗಿನಿಂದ ಭಾವನ ಫೋನು: "ಬೋರ್ಡಿನಲ್ಲಿ ಆನ್ ಟೈಮ್ ಅಂತ ಇದೆ." ಡ್ರೈವರ್ ತನ್ನ ಮೊಬೈಲು ತೋರಿಸಿದ. ಭಾವ ಹತ್ತಬೇಕಾದ ವಿಮಾನ ಇನ್ನೂ ದುಬೈಯಲ್ಲೇ ನಿಂತಿತ್ತು. ಹಾರಿ ಬರಲು ಮೂರು ಗಂಟೆಗೂ ಜಾಸ್ತಿ ಬೇಕು. ಬಂದ ಮೇಲೆ ಜನ ಇಳಿಯಬೇಕು, ಗುಡಿಸಬೇಕು, ಎಣ್ಣೆ ತುಂಬಬೇಕು. ಆದರೂ ಹೊರಡುವುದು 11ಕ್ಕೇ ಅಂತೆ! ಮದುಮಗ ಇನ್ನೂ ಮನೆ ಬಿಟ್ಟಿಲ್ಲ, ಮುಹೂರ್ತಕ್ಕೆ ಮಾತ್ರ ತಡವಿಲ್ಲ.

ಓದಲು ಬಾರದ ಬೋರ್ಡು ನಮಗೆ ಹೊಸತಲ್ಲ. ಮಲಯಾಳಂ ಬೋರ್ಡಿನ ಬಸ್ಸಿಗೆ ಕೈ ಹಿಡಿದು, ಕಂಡಕ್ಟರನ್ನು ಕೇಳಿ ಹತ್ತುವವರು ನಾವು. ಇಲ್ಲಿ ಬೋರ್ಡು ಓದಲು ಬಂತು, ನಂಬಲು ಬರಲಿಲ್ಲ.

ನಮ್ಮ ಕಥೆ ಇರಲಿ, ಸರಿಯಾದ ಹೊತ್ತು ಗೊತ್ತಿಲ್ಲದಿದ್ದರೆ ಆಕಾಶದ ಟ್ರಾಫಿಕ್ ನೋಡುವವರಿಗೂ ಕಷ್ಟವೇ. ಯಾವ ವಿಮಾನ ಯಾವಾಗ ರನ್‌ವೇಗೆ ಬರುತ್ತದೆ ಅಂತ ತಿಳಿದರೆ ತಾನೆ ದಾರಿ ಹಂಚುವುದು? ಯುರೋಪಿನಲ್ಲಿ ದಟ್ಟಣೆ ಇದ್ದರೆ ವಿಮಾನ ನೆಲ ಬಿಟ್ಟು ಏರುವ ಗಳಿಗೆ ಗೊತ್ತುಮಾಡುತ್ತಾರೆ. ಅದಕ್ಕಿಂತ 5 ನಿಮಿಷ ಮೊದಲು, 10 ನಿಮಿಷ ನಂತರ, ಅಷ್ಟರೊಳಗೆ ಏರಬೇಕು. ನಮ್ಮ ಜೋಯಿಸರೂ ಇಷ್ಟು ಬಿಗಿ ಮಾಡುವುದಿಲ್ಲ. ಬಾಗಿಲು ಹಾಕಿ ಸಿದ್ಧವಾಗುವ ಹೊತ್ತನ್ನು ಕಂಪನಿಯವರು ಮೊದಲೇ ಹೇಳಬೇಕು. ಅದರ ಹೆಸರು ಟಿಓಬಿಟಿ. ಈಗ ಕಂಪ್ಯೂಟರಿಗೆ ಹಳೆಯ ಹಾರಾಟಗಳ ಲೆಕ್ಕ ತಿನ್ನಿಸಿ ಅದರ ಬಾಯಿಂದಲೂ ಭವಿಷ್ಯ ಹೇಳಿಸುತ್ತಾರೆ.

ಇನ್ನೊಂದು ತಮಾಷೆ. ಲೆಕ್ಕದಲ್ಲಿ 'ಹೊರಟಿತು' ಅಂದರೆ ಹಾರಿತು ಅಂತಲ್ಲ. ನಿಂತ ಜಾಗದಿಂದ ಕದಲಿದರೆ ಸಾಕು. ಆಮೇಲೆ ರನ್‌ವೇ ಪಕ್ಕ ಅರ್ಧ ಗಂಟೆ ನಿಂತರೂ ಪುಸ್ತಕದಲ್ಲಿ ಸಕಾಲವೇ. 15 ನಿಮಿಷದೊಳಗಿನ ತಡ ತಡವೇ ಅಲ್ಲ. ಚಪ್ಪಲಿ ಹಾಕುತ್ತಲೇ "ಹೊರಟೆವು, ಹೊರಟೆವು" ಅಂತ ಫೋನ್ ಮಾಡುವ ನೆಂಟರ ಲೆಕ್ಕ ಇದು.

10.30ಕ್ಕೆ ಬೋರ್ಡು 11.30 ಅಂದಿತು. ಆಮೇಲೆ 12. ಆಮೇಲೆ 12.45. ಮಗುವಿಗೆ ಕಷಾಯ ಕುಡಿಸುವ ಹಾಗೆ, ಚಮಚ ಚಮಚ. ವಿಮಾನ ಕದಲಿದ್ದು 2.05ಕ್ಕೆ.

"ನಿನಗೆ ಹೇಗೆ ಗೊತ್ತಾಯಿತು ಮಾರಾಯ?"

"ಅದೇ ವಿಮಾನ ನಿನ್ನೆ ರಾತ್ರಿಯೇ ಮೂರು ಗಂಟೆ ತಡವಾಗಿತ್ತು ಭಟ್ರೆ. ಮೊದಲ ಟ್ರಿಪ್ಪಿಗೆ ತಡವಾದ ಬಸ್ಸು ಮತ್ತೆ ಸಮಯಕ್ಕೆ ಬಂದದ್ದುಂಟಾ?"

ವೈಟಿಂಗ್ ಆರು ಗಂಟೆಯ ಮೇಲೆ 5 ನಿಮಿಷ ಆಗಿತ್ತು. ಅದಕ್ಕೆ ದುಡ್ಡು ಬೇಡ ಅಂದ.