ಮೇಣದ ರೆಕ್ಕೆ, ಹರಿದ ಗಂಟಲು

ಅಕ್ಕನ ಮಗ ಮೊನ್ನೆ ನನ್ನ ಹೆಡ್‌ಫೋನ್ ಕಿತ್ಕೊಂಡು ಒಂದು ಹಾಡನ್ನು ಮೊದಲಿಂದ ಕೊನೆವರೆಗೂ ಕೇಳಿದ. ಆಮೇಲೆ ಅದನ್ನು ಕುತ್ತಿಗೆಗೆ ಇಳಿಸಿಕೊಂಡು ತೀರ್ಪು ಕೊಟ್ಟ: "ಮಾಮ, ಅರಚೋದು ಓಕೆ. ಮಧ್ಯ ಮಧ್ಯ ಒಬ್ಬ ರಾಗವಾಗಿ ಹಾಡ್ತಾನಲ್ಲ, ಅದು ಬಂದಾಗ್ಲೇ ಒಂಥರಾ ಮುಜುಗರ."

ನನಗೆ ನಗು ತಡೆಯಲಾಗಲಿಲ್ಲ. ಈ ಆಲ್ಬಮ್ ಬಗ್ಗೆ ಇಷ್ಟು ವರ್ಷ ನಾನು ಕೇಳಿಸಿಕೊಂಡು ಬಂದದ್ದೆಲ್ಲ ಇದಕ್ಕೆ ಪೂರಾ ಉಲ್ಟಾ. "ಆ ಹುಡುಗ ಎಷ್ಟು ಚೆನ್ನಾಗಿ ಹಾಡ್ತಾನೆ, ಪಕ್ಕದಲ್ಲಿ ಇನ್ನೊಬ್ಬ ಯಾಕೆ ಹಾಗೆ ಬಾಯಿ ಬಡ್ಕೋತಾನೆ?" ಅನ್ನೋದೇ ಎಲ್ಲರ ಮಾತು. ಹದಿನಾರು ವರ್ಷದವನಿಗೆ ಅರಚಾಟ ಸಹಜ, ಮಾಧುರ್ಯ ಕೃತಕ!

ಆಲ್ಬಮ್ ಯಾವುದು ಅಂತ ಹೇಳಲೇ ಇಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದ ರಾಲಿಯ ಅಲೆಸಾನಾ ಬ್ಯಾಂಡಿನ 'ಆನ್ ಫ್ರೇಲ್ ವಿಂಗ್ಸ್ ಆಫ್ ವ್ಯಾನಿಟಿ ಆ್ಯಂಡ್ ವ್ಯಾಕ್ಸ್'. 2006ರಲ್ಲಿ ಟ್ರ್ಯಾಜಿಕ್ ಹೀರೋ ಎಂಬ ಚಿಕ್ಕ ಕಂಪನಿಯಿಂದ ಬಂತು, 2007ರಲ್ಲಿ ಫಿಯರ್‌ಲೆಸ್ ರೆಕಾರ್ಡ್ಸ್ ಮತ್ತೆ ಹೊರತಂದಿತು. ಹೆಸರೇ ಹೇಳುವಂತೆ ಒಣಜಂಭ ಮತ್ತು ಮೇಣದಿಂದ ಮಾಡಿದ ದುರ್ಬಲ ರೆಕ್ಕೆಗಳು, ಅಂದರೆ ಇಕಾರಸ್, ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಹತ್ತಿರ ಹಾರಿ ಬಿದ್ದುಹೋದ ಗ್ರೀಕ್ ಪುರಾಣದ ಹುಡುಗ. ಒಳಗೆ ಗ್ರೀಕ್ ಪುರಾಣದ ಹಲವು ಕಥೆಗಳ ಎಳೆಗಳಿವೆ. ಬ್ಯಾಂಡಿನ ಹೆಸರೂ ಯಾವುದೋ ಗ್ರೀಕ್ ದೇವತೆಯದ್ದು ಅಂತ ನಾನು ಬಹಳ ಕಾಲ ನಂಬಿದ್ದೆ. ಅದು ಬಾಲ್ಟಿಮೋರ್ ನಗರದ ಅಲಿಸಿಯಾನಾ ಅನ್ನೋ ಬೀದಿಯಿಂದ ಬಂದದ್ದಂತೆ. ಗೊತ್ತಾದ ದಿನ ಸ್ವಲ್ಪ ಪೆಚ್ಚಾದೆ.

ಇದರ ಕೇಳುಗರಲ್ಲಿ ಮೊದಲಿನಿಂದಲೂ ಜಗಳ. ಅದರಲ್ಲಿ ಅತಿ ಹಳೆಯದು, ಅರಚಿ ಹಾಡುವ ರಾಕ್ ಸಂಗೀತದ ಒಂದು ಬಗೆಗೆ ಸ್ಕ್ರೀಮೋ ಅಂತಾರಲ್ಲ, "ಇದು ಸ್ಕ್ರೀಮೋನೇ ಅಲ್ಲ" ಅನ್ನೋದು. ಹಾಗನ್ನುವವರ ಹತ್ತಿರ ಇತಿಹಾಸ ಇದೆ, ಸುಮ್ಮನೆ ಅಲ್ಲ. 1990ರ ದಶಕದ ಆರಂಭದಲ್ಲಿ ಸ್ಯಾನ್ ಡಿಯಾಗೋದಲ್ಲಿ ಗ್ರ್ಯಾವಿಟಿ ರೆಕಾರ್ಡ್ಸ್ ಸುತ್ತ ಹೆರಾಯಿನ್, ಆ್ಯಂಟಿಯೋಕ್ ಆ್ಯರೋ ಥರದ ಬ್ಯಾಂಡುಗಳಿದ್ದವು. ಆ ದಶಕದ ಕೊನೆಗೆ ನ್ಯೂಯಾರ್ಕಿನ ಸೇಷಿಯಾ, ಮ್ಯಾಸಚೂಸೆಟ್ಸ್‌ನ ಆರ್ಕಿಡ್ ಬಂದವು. ಪುಟ್ಟ ಪುಟ್ಟ ಹಾಡುಗಳು, ಒರಟು ರೆಕಾರ್ಡಿಂಗು, ಎಲ್ಲಿ ಮುಗೀತು ಅಂತ ಗೊತ್ತಾಗುವಷ್ಟರಲ್ಲಿ ಇನ್ನೊಂದು ಶುರು. 2000ದ ದಶಕದ ನಡುವೆ ಮೈಸ್ಪೇಸ್ ಅನ್ನೋ ಸೋಷಿಯಲ್ ಮೀಡಿಯಾ ತಾಣದ ಕಾಲ ಬಂದಾಗ ಅದೇ ಪದ, ಬಾಯಲ್ಲಿ ಗುನುಗಬಹುದಾದ ಪಲ್ಲವಿಗಳಿರೋ ಬ್ಯಾಂಡುಗಳಿಗೂ ಅಂಟಿಕೊಂಡಿತು. ಹಳಬರು ರೇಗಿ ತಮ್ಮ ಸಂಗೀತಕ್ಕೆ ಸ್ಕ್ರ್ಯಾಮ್ಜ್ ಅನ್ನೋ ಅರ್ಧ ತಮಾಷೆಯ ಹೆಸರಿಟ್ಟುಕೊಂಡು ಬೇರೆ ಮನೆ ಮಾಡಿದರು. ಅಲೆಸಾನಾ ಖಂಡಿತ ಈ ಗುನುಗುವ ಪಲ್ಲವಿಗಳ ಕಡೆಯವರು. ಒಪ್ಪಿದೆ. ಆದರೆ ಒಂದು ಆಲ್ಬಮ್‌ಗೆ ಯಾವ ಚೀಟಿ ಅಂಟಿಸಬೇಕು ಅಂತ ಇಷ್ಟು ವರ್ಷ ಕಿತ್ತಾಡೋದು ನನಗಂತೂ ಸುಸ್ತು.

ಇನ್ನೊಂದು ಮಾತು ಮನೆಯಲ್ಲೇ ಕೇಳಿಬರುವಂಥದ್ದು: "ಗಂಟಲು ಹರ್ಕೊಳ್ಳೋಕೆ ಏನು ಕಲಿಬೇಕು?" ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಬಾಗಿಲು ಹಾಕ್ಕೊಂಡು, ದಿಂಬಿಗೆ ಮುಖ ಒತ್ತಿ ನಾಲ್ಕು ಸಾಲು ಅರಚಿದೆ. ಮೂರನೇ ಸಾಲಿಗೇ ಕೆಮ್ಮು, ಸಂಜೆಗೆ ಸ್ವರ ಪೂರ್ತಿ ಬಂದ್. ಎರಡು ದಿನ ಸನ್ನೆಯಲ್ಲೇ ಸಂಸಾರ. ಅರಚುವ ಗಾಯಕರು ಗಂಟಲು ಹರಿದುಕೊಳ್ಳುವುದಿಲ್ಲ ಅನ್ನೋದು ಆಮೇಲೆ ತಿಳಿಯಿತು. ನಿಜವಾದ ಧ್ವನಿತಂತುಗಳ ಮೇಲ್ಗಡೆ ಇನ್ನೊಂದು ಜೊತೆ ಮಡಿಕೆಗಳಿವೆ, ಹುಸಿ ಧ್ವನಿತಂತು ಅಂತಾರೆ. ಹೊಟ್ಟೆಯಿಂದ ಗಾಳಿ ಹದವಾಗಿ ಬಿಟ್ಟು ಆ ಮಡಿಕೆಗಳನ್ನು ಕಂಪಿಸುವುದು ಇದರ ಒಂದು ಪದ್ಧತಿ. ಅದಕ್ಕೇ ಪಳಗಿದವರು ದಿನಾ ರಾತ್ರಿ ಕಾರ್ಯಕ್ರಮ ಕೊಟ್ಟೂ ಬೆಳಿಗ್ಗೆ ಮಾತಾಡ್ತಾರೆ. ಈ ಆಲ್ಬಮ್‌ನಲ್ಲಿ ಅರಚುವ ಡೆನ್ನಿಸ್ ಲೀ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಆ ದಿಂಬು ನೆನಪಾಗುತ್ತೆ.

ನನಗೆ ನಿಜಕ್ಕೂ ಮುಖ್ಯ ಅನ್ನಿಸುವುದು ಮೂರನೇ ಥರದವರ ತಕರಾರು. ಪುರಾಣ ಓದಿಕೊಂಡವರದ್ದು. "ಇದರಲ್ಲಿ ಪುರಾಣ ಬರೀ ಹಾಡುಗಳ ಹೆಸರಲ್ಲಿದೆ. ಒಳಗಿರೋದು ಕೈಕೊಟ್ಟ ಹುಡುಗಿಯ ಮೇಲಿನ ಸಿಟ್ಟು, ಅಷ್ಟೇ." ಅರ್ಧ ನಿಜ. ಅರಚಿದ ಸಾಲು ಸಾಹಿತ್ಯ ಮುಂದಿಟ್ಟುಕೊಳ್ಳದೆ ಅರ್ಥ ಆಗೋದೂ ಕಷ್ಟ. ಹೆಸರು ಮುಚ್ಚಿ ಕೇಳಿಸಿದರೆ ಪುರಾಣದ ಟ್ರಾಯ್ ನಗರ ಎಲ್ಲಿ, ಕ್ರೀಟ್ ದ್ವೀಪ ಎಲ್ಲಿ ಅಂತ ಯಾರೂ ಹೇಳಲಾರರು. 'ಕಂಗ್ರಾಜುಲೇಷನ್ಸ್, ಐ ಹೇಟ್ ಯೂ' ಅಂತ ಒಂದು ಹಾಡಿಗೆ ಹೆಸರಿಟ್ಟರೆ ಅದರಲ್ಲಿ ಗ್ರೀಕ್ ದೇವತೆಗಳ ಒಲಿಂಪಸ್ ಪರ್ವತ ಹುಡುಕೋದು ಹೇಗೆ? 'ನೀರೋಸ್ ಡಿಕೇ' ಅಂತ ಇನ್ನೊಂದಿದೆ. ನೀರೋ ಕ್ರಿ.ಶ. 54ರಿಂದ 68ರವರೆಗೆ ರೋಮ್ ಆಳಿದ ಚಕ್ರವರ್ತಿ. ಪುರಾಣ ಅಲ್ಲ, ಇತಿಹಾಸ.

ಆದರೆ ಪುರಾಣಕ್ಕೆ ಪ್ರೇಮದ ಗೋಳು ಬೆರೆಸಿದ್ದೇ ತಪ್ಪು ಅನ್ನುವವರು ಓವಿಡ್‌ನನ್ನು ಮರೆತಿದ್ದಾರೆ. ಎರಡು ಸಾವಿರ ವರ್ಷ ಹಿಂದಿನ ಈ ರೋಮನ್ ಕವಿ ಇಕಾರಸ್ ಕಥೆ ಹೇಳಿದ್ದು ಮೆಟಮಾರ್ಫೋಸೀಸ್ ಕಾವ್ಯದಲ್ಲಿ ಮಾತ್ರ ಅಲ್ಲ. ಅದಕ್ಕೂ ಮುಂಚೆ ಆರ್ಸ್ ಅಮಟೋರಿಯಾ ಅನ್ನೋ ಕಾವ್ಯದಲ್ಲಿ ಹೇಳಿದ್ದ. ಏನದು? ಪ್ರೇಮಿಯನ್ನು ಒಲಿಸಿಕೊಂಡು ಉಳಿಸಿಕೊಳ್ಳೋದು ಹೇಗೆ ಅನ್ನೋ ಪಾಠ! ರೆಕ್ಕೆ ಕಟ್ಟಿಕೊಂಡ ಮನುಷ್ಯನನ್ನೇ, ಅಂದರೆ ಇಕಾರಸನ ಅಪ್ಪ ಡೇಡಲಸ್‌ನನ್ನೇ, ಕ್ರೀಟ್‌ನ ಮೈನಾಸ್ ರಾಜ ಹಿಡಿದಿಡಲಾರದೆ ಹೋದ, ಇನ್ನು ಹುಟ್ಟಾ ರೆಕ್ಕೆ ಇರೋ ಮನ್ಮಥನನ್ನು ನಾನು ಹಿಡಿದಿಡಬೇಕಲ್ಲ ಅಂತ ಅವನ ಪೇಚಾಟ. ಅವನದೇ ಹೆರೋಯಿಡೀಸ್‌ನಲ್ಲಿ ಪುರಾಣದ ಹೆಂಗಸರು ತಮ್ಮನ್ನು ಬಿಟ್ಟುಹೋದ ಗಂಡಸರಿಗೆ ಪತ್ರ ಬರೆಯುತ್ತಾರೆ. ಹೆಲೆನ್ ಸಿಕ್ಕಳು ಅಂತ ಟ್ರಾಯ್ ರಾಜಕುಮಾರ ಪ್ಯಾರಿಸ್ ಕೈಬಿಟ್ಟ ಹೆಂಡತಿ ಈನೋನಿ ಅಲ್ಲಿ ಬರೀತಾಳೆ: ಮರದ ತೊಗಟೆ ಮೇಲೆ ನನ್ನ ಹೆಸರು ಕೆತ್ತಿದ್ದೆಯಲ್ಲ, ಮರ ಬೆಳೆದಂತೆ ಆ ಹೆಸರೂ ದೊಡ್ಡದಾಗ್ತಾ ಇದೆ ಅಂತ. ಇದನ್ನು ಓದಿದ ಮೇಲೆ ಅದೇ ಪ್ಯಾರಿಸ್ ಹೆಸರಿನ 'ದ ಥರ್ಡ್ ಟೆಂಪ್ಟೇಷನ್ ಆಫ್ ಪ್ಯಾರಿಸ್' ಕೇಳಿ ನೋಡಿ. ಮೂರನೇ ಆಮಿಷ ಅಂದರೆ, ಮೂವರು ದೇವತೆಯರಲ್ಲಿ ಯಾರು ಚೆಲುವೆ ಅಂತ ಪ್ಯಾರಿಸ್ ತೀರ್ಪು ಕೊಡಬೇಕಿತ್ತು: ಹೀರಾ ಅಧಿಕಾರ ಕೊಡ್ತೀನಿ ಅಂದಳು, ಅಥೀನಾ ಯುದ್ಧದಲ್ಲಿ ಗೆಲುವು, ಅಫ್ರೊಡೈಟಿ ಲೋಕದಲ್ಲೇ ಚೆಲುವೆಯಾದ ಹೆಣ್ಣು. ಅವನು ಮೂರನೆಯದಕ್ಕೆ ಬಿದ್ದ, ಅವನ ಊರು ಟ್ರಾಯ್ ಸುಟ್ಟುಹೋಯ್ತು. ಅಂಥ ಕಥೆಗೆ ಗಂಟಲು ಹರಿಯುವಂತೆ ಅರಚದೆ ಇನ್ನೇನು ಆಲಾಪನೆ ಮಾಡಬೇಕಾ?

'ಎ ಸೈರನ್ಸ್ ಸೊಲಿಲೊಕ್ವಿ' ನನಗೆ ಇಷ್ಟ, ಹಾಡಿಗಿಂತ ಅದು ಎಬ್ಬಿಸುವ ಯೋಚನೆಗೆ. ಸೈರನ್ನುಗಳು ಅಂದರೆ ಹಾಡಿನಿಂದ ನಾವಿಕರನ್ನು ಸೆಳೆದು ಕೊಲ್ಲುವ ಮಾಯಾವಿನಿಯರು, ಗ್ರೀಕ್ ಕವಿ ಹೋಮರನ ಒಡಿಸ್ಸಿಯಲ್ಲಿ ಅವರು ಹಾಡೋದು ಬರೀ ಎಂಟು ಸಾಲು. ಅದರಲ್ಲಿ ತಮ್ಮ ಸೌಂದರ್ಯದ ಮಾತೇ ಇಲ್ಲ. ಟ್ರಾಯ್‌ನಲ್ಲಿ ನೀವೆಲ್ಲ ಪಟ್ಟ ಪಾಡು ನಮಗೆ ಗೊತ್ತು, ಭೂಮಿ ಮೇಲೆ ನಡೆಯೋದೆಲ್ಲ ಗೊತ್ತು, ಬಾ ಅಂತಾರೆ. ಕಾವ್ಯದ ನಾಯಕ ಒಡಿಸ್ಯೂಸ್, ಆ ಹಾಡು ಕೇಳದಿರಲಿ ಅಂತ, ತನ್ನ ದೋಣಿಗಾರರ ಕಿವಿಗೆ ತುಂಬೋಕೆ ಮೇಣದ ದೊಡ್ಡ ಬಿಲ್ಲೆಯನ್ನು ಕತ್ತಿಯಿಂದ ಕತ್ತರಿಸಿ ಕೈಯಲ್ಲಿ ನಾದುತ್ತಾನೆ, ಬಿಸಿಲಿಗೆ ಅದು ಮೆದುವಾಗುತ್ತೆ. ಅದೇ ಸೂರ್ಯ, ಅದೇ ಮೇಣ. ಅಲ್ಲಿ ಕರಗಿ ದೋಣಿಗಾರರನ್ನು ಉಳಿಸಿತು, ಇಕಾರಸನ ಬೆನ್ನ ಮೇಲೆ ಕರಗಿ ಕೊಂದಿತು. ಬ್ಯಾಂಡಿನವರು ಇದನ್ನು ಯೋಚಿಸಿಯೇ ಎರಡೂ ಕಥೆಯನ್ನು ಒಂದೇ ಆಲ್ಬಮ್ಮಿಗೆ ತಂದರೋ ಇಲ್ಲವೋ, ನನಗೆ ಅದು ಬೇಕಿಲ್ಲ. ಕೇಳುಗನಿಗೂ ಒಂದಿಷ್ಟು ಕೆಲಸ ಇರಲಿ.

ಸಂಗೀತದ ಬಗ್ಗೆ ಒಂದೆರಡು ಮಾತು. ಮೂರು ಗಿಟಾರ್ ಇವೆ, ಕೆಲವು ಕಡೆ ಮೂರೂ ಒಂದರ ಕಾಲು ಒಂದು ತುಳಿಯುತ್ತವೆ. ಶಾನ್ ಮಿಲ್ಕಿಯ ರಾಗದ ಧ್ವನಿ ಮೇಲೇರಿದ ಹಾಗೇ ಕೆಳಗಿನಿಂದ ಲೀ ಧ್ವನಿ ಬಂದು ಅದರ ಕಾಲು ಹಿಡಿದು ಎಳೆಯುತ್ತಲ್ಲ, ಆ ಗಳಿಗೆಗಾಗಿ ನಾನು ಇದನ್ನು ಕೇಳ್ತೀನಿ. ಮುಂದೇನು ಬರುತ್ತೆ ಅನ್ನೋದು ಕೊನೆಕೊನೆಗೆ ಮೊದಲೇ ಗೊತ್ತಾಗಿಬಿಡುತ್ತೆ, ಅದು ಬೇಸರ. ಅಳಿಯನಿಗೆ ಮುಜುಗರ ಆದದ್ದೂ ಅಲ್ಲೇ ಇರಬೇಕು.

ನನ್ನ ದೊಡ್ಡ ತಕರಾರು ಆಲ್ಬಮ್ಮಿನ ಹೆಸರಿನ ಮೇಲೆ. ಅದರಲ್ಲೂ 'ವ್ಯಾನಿಟಿ' ಅನ್ನೋ ಪದ. ಇಕಾರಸನಿಗೆ ಎಲ್ಲಿಯ ಜಂಭ? ಓವಿಡ್ ಕಥೆಯಲ್ಲಿ ಅಪ್ಪ ಡೇಡಲಸ್ ಗರಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ, ನಡುವೆ ದಾರ, ಬುಡಕ್ಕೆ ಮೇಣ ಹಾಕಿ ಕಟ್ಟುತ್ತಿರುತ್ತಾನೆ. ಮಗ ಪಕ್ಕದಲ್ಲಿ ನಿಂತು ಹಾರಿಹೋಗುವ ಗರಿ ಹಿಡೀತಾನೆ, ಹೆಬ್ಬೆರಳಿಂದ ಮೇಣ ಒತ್ತಿ ಒತ್ತಿ ಮೆತ್ತಗೆ ಮಾಡ್ತಾ ಅಪ್ಪನ ಕೆಲಸಕ್ಕೆ ಅಡ್ಡ ಬರ್ತಾನೆ. ತನ್ನ ಸಾವನ್ನೇ ಹೆಬ್ಬೆರಳಲ್ಲಿ ಆಡಿಸುತ್ತಿರುವ ಹುಡುಗ. ತೀರ ಕೆಳಗೆ ಹಾರಬೇಡ, ಗರಿ ಒದ್ದೆಯಾಗಿ ಭಾರ ಆಗುತ್ತೆ. ತೀರ ಮೇಲೆ ಹಾರಬೇಡ, ಬಿಸಿಲಿಗೆ ಸುಟ್ಟೀತು, ನಡುವೆ ಹಾರು ಅಂತ ಅಪ್ಪ ಹೇಳ್ತಾನೆ. ಮೀನು ಹಿಡಿಯುವವ, ಕುರಿ ಕಾಯುವವ, ನೇಗಿಲು ಹಿಡಿದವ ಮೂವರೂ ತಲೆ ಎತ್ತಿ ದೇವರೇ ಹೋಗ್ತಿದ್ದಾರೆ ಅಂದುಕೊಳ್ತಾರೆ. ಹುಡುಗನಿಗೆ ಹಾರುವ ಖುಷಿ ಹತ್ತಿತು, ಮೇಲೆ ಹೋದ. ಅದು ಖುಷಿ, ಜಂಭ ಅಲ್ಲ.

ಜಂಭದ ಹಾರಾಟ ಬೇಕಾದರೆ ನಮ್ಮ ಸಂಪಾತಿ ಜಟಾಯುಗಳದ್ದಿದೆ. ಯಾರು ಮೇಲು ಅಂತ ಪಂತ ಕಟ್ಟಿ ಸೂರ್ಯನ ಹಿಂದೆ ಹೋದವರು ಅವರು. ತಮ್ಮ ಜಟಾಯು ಬಸವಳಿದಾಗ ಅಣ್ಣ ಸಂಪಾತಿ ತನ್ನ ರೆಕ್ಕೆ ಅಡ್ಡ ಹಿಡಿದು ಅವನನ್ನು ಉಳಿಸಿದ, ತಾನು ಸುಟ್ಟುಕೊಂಡು ವಿಂಧ್ಯದ ಮೇಲೆ ಬಿದ್ದ. ಡೇಡಲಸ್ ಮುಂದೆ ಮುಂದೆ ಹಾರ್ತಾ ತಿರುಗಿ ನೋಡ್ತಾ ಇದ್ದ, ಮಗ ಬೀಳುವಾಗ ಅಡ್ಡ ಹಿಡಿಯೋಕೆ ಅವನ ರೆಕ್ಕೆ ಅಲ್ಲಿರಲಿಲ್ಲ.

ಇದನ್ನೆಲ್ಲ ಅಳಿಯನಿಗೆ ಹೇಳ್ತಾ ಕೂತಿದ್ದೆ. ಅವನು ಹೆಡ್‌ಫೋನ್ ಇನ್ನೂ ಕುತ್ತಿಗೆಗೇ ಹಾಕ್ಕೊಂಡಿದ್ದ, ಒಳಗಿಂದ ಸಣ್ಣಗೆ ಅರಚಾಟ ಕೇಳ್ತಾ ಇತ್ತು. "ಹಾಗಾದ್ರೆ ವ್ಯಾನಿಟಿ ಯಾರದ್ದು?" ಅಂದ.

ಅಪ್ಪನದ್ದು ಅಂದೆ. ಮಗನನ್ನು ಹೂಳುವಾಗ ಪಕ್ಕದಲ್ಲಿ ಒಂದು ಕವುಜುಗ ಹಕ್ಕಿ ರೆಕ್ಕೆ ಬಡಿದು ಖುಷಿಪಟ್ಟಿತು ಅಂತ ಓವಿಡ್ ಬರೀತಾನೆ. ಯಾರದು? ಡೇಡಲಸ್‌ನ ತಂಗಿಯ ಮಗ. ಹನ್ನೆರಡು ವರ್ಷದ ಹುಡುಗನನ್ನು ಕೆಲಸ ಕಲಿಯಲಿ ಅಂತ ತಾಯಿ ಅಣ್ಣನ ಹತ್ತಿರ ಬಿಟ್ಟಿದ್ದಳು. ಅವನು ಮೀನಿನ ಬೆನ್ನುಮೂಳೆ ನೋಡಿ ಗರಗಸ ಕಂಡುಹಿಡಿದ. ಮಾವನಿಗೆ ಹೊಟ್ಟೆಕಿಚ್ಚು ತಡೆಯಲಾಗಲಿಲ್ಲ, ಹುಡುಗನನ್ನು ಅಥೀನಾಳ ಕೋಟೆಯ ಮೇಲಿಂದ ತಳ್ಳಿಬಿಟ್ಟ. ದೇವಿ ಅವನನ್ನು ಹಕ್ಕಿಯಾಗಿಸಿ ಉಳಿಸಿದಳು. ಬಿದ್ದ ನೆನಪಿಗೆ ಆ ಹಕ್ಕಿ ಇವತ್ತಿಗೂ ಎತ್ತರಕ್ಕೆ ಹಾರುವುದಿಲ್ಲವಂತೆ.

ಅಳಿಯ ನನ್ನನ್ನೇ ಒಂದು ಸಲ ಮೇಲಿಂದ ಕೆಳಗೆ ನೋಡಿದ. "ಆ ಕಡೆನೂ ಕಂಸ ಇದಾನೆ ಅನ್ನು" ಅಂದವನೇ ಹೆಡ್‌ಫೋನ್ ಕಿವಿಗೇರಿಸಿಕೊಂಡು ಕುರ್ಚಿಯನ್ನು ನನ್ನಿಂದ ಒಂದಡಿ ದೂರ ಎಳ್ಕೊಂಡ.