ಸೇಂಟ್ ಆಂಡ್ರ್ಯೂಸ್‌ನ ಭಾನುವಾರ

ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರ್ಯೂಸ್ ಊರಿನ ಓಲ್ಡ್ ಕೋರ್ಸ್ ಎಂಬ ಗಾಲ್ಫ್ ಮೈದಾನದಲ್ಲಿ ಭಾನುವಾರ ಆಟವಿಲ್ಲ, ಹಾಗಾಗಿ ಪ್ರವಾಸಿಗರಿಗೆ ಒಂದು ದಿನ ದಂಡ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ಅವತ್ತು ಅದು ಊರವರ ಪಾರ್ಕು, ಯಾರು ಬೇಕಾದರೂ ಓಡಾಡಬಹುದು. ಸೋಮವಾರ ಆಡುವ ಮುಂಚೆ ಹಾಗೆ ಸುತ್ತಿದ್ದೇ ನನಗೆ ಉಪಯೋಗಕ್ಕೆ ಬಂತು. 17ನೇ ಹೋಲ್‌ನ (ಆಟದ 18 ಹಂತಗಳಲ್ಲಿ ಒಂದರ) ರೋಡ್ ಬಂಕರ್ ಎಂಬ ಮರಳುಗುಂಡಿಯ ಪಕ್ಕ ನಿಂತು ನೋಡಿ: ಹುಲ್ಲಿನ ಹೆಂಟೆಗಳನ್ನು ಇಟ್ಟಿಗೆಯಂತೆ ಪೇರಿಸಿದ ಕಡಿದಾದ ಗೋಡೆ. ಚೆಂಡು ಒಳಗೆ ಬಿದ್ದರೆ ಕೆಲವೊಮ್ಮೆ ಹಿಂದಕ್ಕೆ ಹೊಡೆಯುವುದೇ ದಾರಿ!

ಅಲ್ಲಿ 14 ಹೋಲ್‌ಗಳಿಗೆ ಸೇರಿ ಏಳೇ ಗ್ರೀನ್ (ಚೆಂಡು ಬೀಳಿಸುವ ಕುಳಿ ಇರುವ ನುಣ್ಣನೆ ಹುಲ್ಲಿನ ಜಾಗ), ಎರಡೆರಡು ಹೋಲ್‌ಗೆ ಒಂದು. ಜೋಡಿಯಾಗಿರುವ ಹೋಲ್‌ಗಳ ಸಂಖ್ಯೆ ಕೂಡಿಸಿದರೆ ಪ್ರತಿ ಸಲವೂ 18, ಇದು ನನಗೆ ತುಂಬಾ ಇಷ್ಟವಾದ ಸಂಗತಿ. ಹೋಗುವವರಿಗೆ ಒಂದು ಮಾತು: ಸಮುದ್ರದ ಗಾಳಿಗೆ ಚೆಂಡನ್ನು ಎತ್ತರಕ್ಕೆ ಹೊಡೆಯಬೇಡಿ. ನೆಲ ಗಟ್ಟಿ, ಗ್ರೀನ್‌ನ ಹೊರಗಿನಿಂದಲೇ ಪಟರ್ ಎಂಬ ಕೋಲು ಹಿಡಿದು ಚೆಂಡನ್ನು ಉರುಳಿಸಿ.