ಅಲ್ಲಿ ಸಾಲ ಇಲ್ಲ, ಇಲ್ಲಿ ತೋಟ ಇಲ್ಲ

ಜಪಾನಿನಲ್ಲಿ ಮನೆ ತಗೊಳ್ಳಬೇಕಾದರೆ ಪಿಆರ್ (ಅಲ್ಲಿ ಕಾಯಂ ಆಗಿ ಇರುವ ಅನುಮತಿ) ಬೇಕೇ ಬೇಕು ಅಂತ ಉಡುಪಿಯಲ್ಲಿ ನಮ್ಮವರೆಲ್ಲ ತಿಳಿದಿದ್ದಾರೆ. ಹಾಗೇನಿಲ್ಲ. ಕೆಲಸದ ವೀಸಾದಲ್ಲಿರುವ ನನ್ನಂಥವನೂ ಅಲ್ಲಿ ಮನೆ ತಗೊಳ್ಳಬಹುದು, ಅದರ ಜಾಗವನ್ನೂ ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು. ಕಾನೂನು ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಬ್ಯಾಂಕು.

ಗೃಹಸಾಲಕ್ಕೆ ಹೋದರೆ ಹೆಚ್ಚಿನ ಬ್ಯಾಂಕುಗಳು ಮೊದಲು ಕೇಳುವುದೇ ಪಿಆರ್. ಕೊನೆಯವರೆಗೂ ಬಡ್ಡಿ ಬದಲಾಗದ ‘ಫ್ಲಾಟ್ 35’ ಸಾಲವೂ ಪಿಆರ್ ಇಲ್ಲದವರಿಗಿಲ್ಲ. ಪಿಆರ್ ಸಿಗಲು ಸಾಮಾನ್ಯವಾಗಿ 10 ವರ್ಷ ಅಲ್ಲಿರಬೇಕು. ಓದು, ಸಂಬಳ, ಅನುಭವಕ್ಕೆ ಅಂಕ ಕೊಡುವ ಪದ್ಧತಿಯಲ್ಲಿ 80 ಅಂಕ ಇದ್ದರೆ ಒಂದೇ ವರ್ಷಕ್ಕೆ ಅರ್ಜಿ ಹಾಕಬಹುದು. ಪಿಆರ್ ಇಲ್ಲದಿದ್ದರೂ ಸಾಲ ಕೊಡುವ ಬ್ಯಾಂಕುಗಳು ಕೆಲವಿವೆ. ಕೈಯಿಂದ ಜಾಸ್ತಿ ದುಡ್ಡು ಹಾಕಿ ಅನ್ನುತ್ತವೆ, ಇಲ್ಲವೇ ಜಪಾನಿನ ಹೆಂಡತಿ ಜಾಮೀನು ನಿಲ್ಲಲಿ ಅನ್ನುತ್ತವೆ. ನನ್ನ ಹೆಂಡತಿ ಬ್ರಹ್ಮಾವರದವಳು.

ಇಲ್ಲಿ ಪೂರ್ತಿ ಉಲ್ಟಾ. ಎನ್‌ಆರ್‌ಐ ಅಂದರೆ ಬ್ಯಾಂಕಿನವರೇ ಫೋನ್ ಮಾಡುತ್ತಾರೆ. ಮಣಿಪಾಲದಲ್ಲೋ ಕದ್ರಿಯಲ್ಲೋ ಫ್ಲಾಟ್ ಬೇಕಾ? ಎರಡಲ್ಲ, ನಾಲ್ಕು ತಗೊಳ್ಳಿ. ರಿಸರ್ವ್ ಬ್ಯಾಂಕಿನ ಅನುಮತಿಯೂ ಬೇಡ. ಆದರೆ ನಮ್ಮ ಮನೆ ಪಕ್ಕದ ಅಡಿಕೆ ತೋಟ ಮಾರಾಟಕ್ಕಿದೆ, ಅದು ಮಾತ್ರ ನನಗಿಲ್ಲ. ವಿದೇಶಿ ವಿನಿಮಯದ ಫೆಮಾ ಕಾನೂನಿನಂತೆ ಎನ್‌ಆರ್‌ಐ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಅಪ್ಪನಿಂದ ಬಂದದ್ದು ಇಟ್ಟುಕೊಳ್ಳಬಹುದು, ಅದಕ್ಕೆ ಪಕ್ಕದ್ದನ್ನು ಸೇರಿಸುವಂತಿಲ್ಲ. 2020ರಲ್ಲಿ ಕರ್ನಾಟಕ ಸರ್ಕಾರ ಭೂ ಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರಿಗೂ ಕೃಷಿ ಜಮೀನು ಕೊಳ್ಳಲು ಬಿಟ್ಟಿತು. ಅಂದರೆ ಅಡಿಕೆ ಮರವನ್ನು ಹತ್ತಿರದಿಂದ ನೋಡದ ಬೆಂಗಳೂರಿನವನು ಆ ತೋಟ ತಗೊಳ್ಳಬಹುದು. ಅದರ ತೋಡಿನಲ್ಲಿ ಮೀನು ಹಿಡಿದು ಬೆಳೆದ ನಾನು ತಗೊಳ್ಳುವಂತಿಲ್ಲ. ಜಪಾನಿನಲ್ಲೂ ಗದ್ದೆ ಬೇಕಾದರೆ ಕೃಷಿ ಸಮಿತಿಯ ಅನುಮತಿ ಬೇಕು. ಆದರೆ ಅದು ಅಲ್ಲಿಯವರಿಗೂ ಬೇಕು.

‘ತಮ್ಮನ ಹೆಸರಲ್ಲಿ ಮಾಡು ಮಾರಾಯ, ಎಂತ ಆಗುದಿಲ್ಲ’ ಅನ್ನುತ್ತಾರೆ ಮಾವ. ನನ್ನ ದುಡ್ಡು, ತಮ್ಮನ ಹೆಸರು. ಅದು ಬೇನಾಮಿ. ತೋಟವೂ ಹೋಗುತ್ತದೆ, ತಮ್ಮನ ಜೊತೆ ಮಾತೂ ಹೋಗುತ್ತದೆ.

ಜಪಾನಿನವರ ಒಂದು ಕ್ರಮ ಮಾತ್ರ ನಮ್ಮಲ್ಲೂ ಬರಬೇಕು. ಕರಾರಿಗೆ ಸಹಿ ಹಾಕುವ ಮೊದಲು, ಜಾಗದ ವ್ಯವಹಾರಕ್ಕೆ ಪರವಾನಗಿ ಇರುವವರೊಬ್ಬರು ತಮ್ಮ ಕಾರ್ಡು ತೋರಿಸಿ ಜಾಗದ ವಿವರವನ್ನೆಲ್ಲ ಹೇಳಬೇಕು. ಗೆಳೆಯನ ಜೊತೆ ಕೂತು ಕೇಳಿದ್ದೇನೆ, ನಿದ್ದೆ ಬರುತ್ತದೆ. ಎದುರಿನ ರಸ್ತೆ ಎಷ್ಟು ಅಗಲ, ಚರಂಡಿ ಪೈಪು ಯಾರ ಜಾಗದಲ್ಲಿ ಹೋಗಿದೆ, ಎಷ್ಟು ಎತ್ತರ ಕಟ್ಟಬಹುದು, ಹೀಗೆ ಹಾಳೆ ಮೇಲೆ ಹಾಳೆ. ನೆರೆನೀರು ಬರುವ ಜಾಗಗಳ ನಕ್ಷೆ ಬಿಚ್ಚಿ, ಮನೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸುತ್ತಾರೆ. 2020ರ ಆಗಸ್ಟ್‌ನಿಂದ ಹಾಗೆ ನಕ್ಷೆ ತೋರಿಸುವುದು ಕಡ್ಡಾಯ. ಅದರ ಮರುತಿಂಗಳೇ ಉಡುಪಿಯಲ್ಲಿ ನೆರೆ ಬಂದು ಕಲ್ಸಂಕದ ಸುತ್ತ ನೀರು ನುಗ್ಗಿತ್ತು. ಜಾಗ ತೋರಿಸುವ ಬ್ರೋಕರ್ ಅದನ್ನು ತಾನಾಗಿ ಹೇಳುತ್ತಾನಾ? ಪಕ್ಕದ ಮನೆಯವರನ್ನು ನಾವೇ ಕೇಳಬೇಕು. ನಮ್ಮ ವಕೀಲರು ಇಸಿ (ಋಣಭಾರ ಪತ್ರ), ಆರ್‌ಟಿಸಿ (ಪಹಣಿ), ಕನ್ವರ್ಷನ್ (ಭೂ ಪರಿವರ್ತನೆ) ನೋಡುತ್ತಾರೆ, ಅಕ್ಕತಂಗಿಯರ ಸಹಿ ಆಗಿದೆಯಾ ಅಂತ ನೋಡುತ್ತಾರೆ. ನೀರಿನ ವಿಷಯ ಆ ಯಾವ ಕಾಗದದಲ್ಲೂ ಇರುವುದಿಲ್ಲ.

ದುಬೈಯಲ್ಲಿರುವ ಭಾವ ಇದನ್ನೆಲ್ಲ ಕೇಳಿ ನಗುತ್ತಾರೆ. ಅಲ್ಲಿ 20 ಲಕ್ಷ ದಿರ್ಹಮ್‌ನ ಆಸ್ತಿ ಇದ್ದರೆ 10 ವರ್ಷದ ಗೋಲ್ಡನ್ ವೀಸಾ ಸಿಗುತ್ತದೆ. ಜಪಾನಿನಲ್ಲಿ ಮನೆಗೂ ವೀಸಾಕ್ಕೂ ಸಂಬಂಧವೇ ಇಲ್ಲ. ಕೆಲಸ ಹೋಗಿ ವೀಸಾ ಮುಗಿದರೆ ಮನೆ ನಮ್ಮದೇ, ಅದರಲ್ಲಿ ಇರುವ ಹಾಗಿಲ್ಲ ಅಷ್ಟೇ. ಹಾಗಾಗಿ ಪಿಆರ್ ಬರುವವರೆಗೆ ನನಗೆ ಬಾಡಿಗೆಯೇ ಸರಿ.

ತೋಟದ ವಿಷಯದಲ್ಲಿ ಮಾತ್ರ ನನಗೆ ಸಮಾಧಾನ ಇಲ್ಲ. ಹಿರಿಯರ ಜಮೀನು ಇರುವ ಎನ್‌ಆರ್‌ಐಗೆ ತಾಗಿಕೊಂಡ ಜಾಗ ಕೊಳ್ಳಲಾದರೂ ಬಿಡಬೇಕು. ಬೇಕಾದರೆ ಇಷ್ಟೇ ಸೆಂಟ್ಸ್ ಅಂತ ಮಿತಿ ಹಾಕಲಿ, ಬೇಸಾಯ ಬಿಡಬಾರದು ಅಂತ ಬರೆಸಿಕೊಳ್ಳಲಿ. ಊರಿಗೆ ವಾಪಸ್ ಬಂದು ನೆಲೆಸಿದ ಮೇಲೆ ತಗೊಳ್ಳಬಹುದಲ್ವಾ ಅನ್ನುತ್ತಾರೆ. ಪಕ್ಕದವರು ಅಲ್ಲಿಯವರೆಗೆ ಕಾಯುವುದಿಲ್ಲ, ಅವರಿಗೆ ಈ ವರ್ಷವೇ ಮಗಳ ಮದುವೆ.